ರೋಗಿ ಗಟ್ಟಿಮುಟ್ಟು, ಸಂಸ್ಥೆ ಸೀರಿಯಸ್

ಏಡ್ಸ್ ರೋಗಿಗಳು ಮೊದಲಿನ ಹಾಗೆ ಸಾಯುತ್ತಿಲ್ಲ. ದೇಶಕ್ಕೆ ಇದು ಸಂತೋಷದ ಸುದ್ದಿ, ರೋಗಿಗೆ ಇನ್ನೂ ಸಂತೋಷದ್ದು, ಸರ್ಕಾರಕ್ಕಂತೂ ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರ ಜಾಹೀರಾತಿಗೆ ಸಿಕ್ಕ ವಿಷಯ. ನಿಜವಾಗಿ ಕಂಗೆಟ್ಟಿರುವುದು ಒಂದೇ ವರ್ಗ: ನೆಮ್ಮದಿಯ ಸಾವು ಕೊಡುತ್ತೇವೆಂದು ದೇವರ ಹೆಸರಿನಲ್ಲಿ ಹಾಸಿಗೆ ಹಾಸಿ ಕೂತಿದ್ದ ಸೇವಾಸಂಸ್ಥೆಗಳು. ಸಾಯಬೇಕಾದವನು ಸಾಯದೆ, ಎದ್ದು ಹೋಗಿ ಮದುವೆಯಾಗಿ, ಗೃಹಪ್ರವೇಶದ ಕಾರ್ಡು ಹಿಡಿದುಕೊಂಡು ಬಂದರೆ ವಾರ್ಷಿಕ ವರದಿಯಲ್ಲಿ ಏನು ಬರೆಯುವುದು?

ಅಂಥ ಒಂದು ಸಂಸ್ಥೆಯಲ್ಲಿ ಈಗ ಪುನರ್ರಚನೆ ನಡೆಯುತ್ತಿದೆ. ಹೆಸರು ಹೇಳುವುದಿಲ್ಲ, ಹೇಳಲು ಹೆಸರೂ ಇಲ್ಲ. ಕಂಡ ಕೇಳಿದ ಹಲವು ಸಂಸ್ಥೆಗಳನ್ನು ಒಂದೇ ಕಾಂಪೌಂಡಿನೊಳಗೆ ಕೂಡಿಹಾಕಿದ್ದೇನೆ. ಬೆಳಗಾವಿಯವರು ಓದಿದರೆ ಇದು ಬಾಗಲಕೋಟೆಯದು ಎನ್ನಲಿ, ಬಾಗಲಕೋಟೆಯವರು ಮಂಗಳೂರಿನದು ಎನ್ನಲಿ, ಮಂಗಳೂರಿನವರು ಬೆಂಗಳೂರಿನ ಕಡೆ ಬೆರಳು ತೋರಿಸಲಿ. ಗೇಟಿನ ಮೇಲೆ ಶಿಲುಬೆ ಇದೆ ಅಂದುಕೊಳ್ಳಿ. ಬೇಡವೆಂದರೆ ಓಂಕಾರ ಬರೆದುಕೊಳ್ಳಿ, ಅರ್ಧಚಂದ್ರ ಬಿಡಿಸಿಕೊಳ್ಳಿ, ಕಥೆ ಹೆಚ್ಚೇನೂ ಬದಲಾಗದು. ನಾನು ಶಿಲುಬೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಈ ರೋಗಿಗಳನ್ನು ಒಳಗೆ ಕರೆದುಕೊಂಡವರಲ್ಲಿ ಶಿಲುಬೆಯವರು ಮುಂದಿದ್ದರು. ಬಾಗಿಲನ್ನೇ ತೆರೆಯದವರನ್ನು ಗೇಲಿ ಮಾಡುವುದಕ್ಕೆ ಅಲ್ಲಿ ಏನಿದೆ?

ಆಗಿನ ಮದ್ರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದ್ದು 1986ರಲ್ಲಿ. ಮುಂದಿನ ಹತ್ತು ಹದಿನೈದು ವರ್ಷ ನಮ್ಮ ಆಸ್ಪತ್ರೆಗಳು ನಡೆದುಕೊಂಡ ರೀತಿ ಹಳಬರಿಗೆ ನೆನಪಿರಬೇಕು. ಕೇಸ್ ಶೀಟಿನ ಮೇಲೆ ಕೆಂಪಕ್ಷರ, ವರಾಂಡದ ಕೊನೆಯ ಮಂಚ, ದೂರದಿಂದಲೇ ತಳ್ಳಿದ ಊಟದ ತಟ್ಟೆ, ಅಪ್ಪನ ಹೆಣ ಮುಟ್ಟಲು ಒಲ್ಲದ ಮಕ್ಕಳು. ಆ ಹೊತ್ತಿನಲ್ಲಿ ಮುಖ ಸಿಂಡರಿಸದೆ ಹುಣ್ಣು ತೊಳೆದವರು, ಗಂಜಿ ಕುಡಿಸಿದವರು, ಉಸಿರು ನಿಂತ ಮೇಲೆ ಸ್ನಾನ ಮಾಡಿಸಿ ಬಿಳಿಬಟ್ಟೆ ಹೊದಿಸಿದವರು ಸಿಸ್ಟರ್‌ಗಳು. ಬ್ರಿಟನ್ನಿನ ರಾಜಕುಮಾರಿ ಡಯಾನಾ 1987ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಕೈಗವಸಿಲ್ಲದೆ ರೋಗಿಯೊಬ್ಬನ ಕೈ ಕುಲುಕಿದಾಗ ಜಗತ್ತಿನ ಕ್ಯಾಮೆರಾಗಳೆಲ್ಲ ಅಲ್ಲಿದ್ದವು. ನಮ್ಮ ಸಿಸ್ಟರ್‌ಗಳು ಹೆಣ ಮೀಯಿಸಿದ್ದನ್ನು ಯಾರೂ ಫೋಟೊ ಹೊಡೆಯಲಿಲ್ಲ, ಅವರು ಹೊಡೆಸಿಕೊಳ್ಳಲೂ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಟ್ಟೆ. ಮುಂದಿನದೆಲ್ಲ ಅವರ ತಲೆಯ ಮೇಲೆ ಕೂತವರ ಬಗ್ಗೆ.

ಅನರ್ಥ ಶುರುವಾದದ್ದು ಮಾತ್ರೆಯಿಂದ. ಮೂರು ಔಷಧಗಳ ಚಿಕಿತ್ಸೆಗೆ ಪಾಶ್ಚಾತ್ಯ ಕಂಪನಿಗಳು ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಕೇಳುತ್ತಿದ್ದಾಗ, 2001ರಲ್ಲಿ ನಮ್ಮ ಸಿಪ್ಲಾ ಔಷಧ ಕಂಪನಿಯ ಯೂಸುಫ್ ಹಮೀದ್ ಸೇವಾಸಂಸ್ಥೆಗಳಿಗೆ ಅದನ್ನು 350 ಡಾಲರಿಗೆ ಕೊಡುತ್ತೇನೆಂದರು. 2004ರ ಏಪ್ರಿಲ್ 1ರಂದು ನಮ್ಮ ಸರ್ಕಾರ ಎಆರ್‌ಟಿ ಎಂಬ ಈ ಚಿಕಿತ್ಸೆಯ ಮಾತ್ರೆಯನ್ನು ಪುಕ್ಕಟೆ ಕೊಡಲು ಆರಂಭಿಸಿತು. ತಾರೀಖು ನೋಡಿ ಜನ ನಂಬಿರಲಿಕ್ಕಿಲ್ಲ, ಆದರೆ ಮಾತ್ರೆ ನಿಜವಾಗಿಯೂ ಕೊಟ್ಟರು. 2017ರಿಂದ ರಕ್ತದ ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದವರಿಗೆಲ್ಲ ಚಿಕಿತ್ಸೆ ಎಂದಾಯಿತು. ಸಂಸ್ಥೆಯ ಹಾಸಿಗೆಗಳು ಒಂದೊಂದಾಗಿ ಖಾಲಿಯಾದವು. ಎಲುಬಿನ ಹಂದರವಾಗಿ ಎತ್ತಿನ ಗಾಡಿಯಲ್ಲಿ ಬಂದಿದ್ದವನೊಬ್ಬ ಈಗ ಸ್ವಂತ ಟಂಟಂ ಓಡಿಸುತ್ತಾನೆ. ಮೊನ್ನೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹಿರಿಯ ಸಿಸ್ಟರನ್ನು ಕೂಗಿ ಹೇಳಿದ: "ಸಿಸ್ಟರ್ರೀ, ನನಗ ಸಕ್ರಿ ಕಾಯಿಲೆ ಬಂದೈತ್ರೀ! ಇದನ್ನ ಊರಾಗ ಡಂಗುರಾ ಹೊಡದು ಹೇಳಬಹುದು ನೋಡ್ರಿ!"

ಸಿಸ್ಟರ್ ನಕ್ಕರು. ಆಫೀಸಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಹತ್ತು ಹಾಸಿಗೆಯ ಕಮ್ಯುನಿಟಿ ಕೇರ್ ಸೆಂಟರಿಗೆಂದು ಬರುತ್ತಿದ್ದ ಅನುದಾನ ನಿಂತು, 2013ರ ಹೊತ್ತಿಗೆ ಹಾಸಿಗೆಯಿಲ್ಲದ ಕೇರ್ ಅಂಡ್ ಸಪೋರ್ಟ್ ಸೆಂಟರ್ ಎಂಬ ಹೊಸ ವ್ಯವಸ್ಥೆ ಬಂದಿತ್ತು. ಕಟ್ಟಡ ಇದೆ, ಮಂಚ ಇದೆ, ಟ್ರಸ್ಟಿಗಳಿದ್ದಾರೆ, ರೋಗಿ ಮಾತ್ರ ಕೆಲಸಕ್ಕೆ ಹೋಗಿದ್ದಾನೆ.

ಇಂಥ ಸಂಸ್ಥೆಗಳು ಬದಲಾವಣೆಗೆ ಒಗ್ಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬದಲಾಗುವುದೇ ಅವುಗಳ ನಿತ್ಯಕರ್ಮ. ಬುಷ್ ಅವರ ಅಮೆರಿಕ 2003ರಲ್ಲಿ ಪೆಪ್‌ಫಾರ್ ಎಂಬ ಏಡ್ಸ್ ನೆರವಿನ ದೊಡ್ಡ ಗಂಟು ಬಿಚ್ಚಿ, ತಡೆಗಟ್ಟುವ ಕೆಲಸದ ಹಣದಲ್ಲಿ ಮೂರನೇ ಒಂದು ಪಾಲನ್ನು ಮದುವೆಯವರೆಗೆ ಬ್ರಹ್ಮಚರ್ಯ ಬೋಧಿಸಲು ಖರ್ಚು ಮಾಡಬೇಕೆಂದಿತು. ನಮ್ಮ ಸಂಸ್ಥೆಗೆ ಪರಮಾನಂದ. ಇಷ್ಟು ದಿನ ಪುಕ್ಕಟೆ ಹೇಳುತ್ತಿದ್ದ ಪ್ರವಚನಕ್ಕೆ ಈಗ ಬಜೆಟ್ ಹೆಡ್ಡೇ ಇದೆ! 2008ರಲ್ಲಿ ಅಮೆರಿಕ ಆ ಷರತ್ತನ್ನು ತೆಗೆದುಹಾಕಿತು, ಬ್ರಹ್ಮಚರ್ಯದ ಪೋಸ್ಟರುಗಳು ಗೋದಾಮು ಸೇರಿದವು. ಗೆದ್ದಲು ಹುಳಕ್ಕೆ ಧರ್ಮಶ್ರದ್ಧೆ ಇರುವುದು ನಿಮಗೆ ಗೊತ್ತೇ ಇದೆ.

ಅದೇ ಗಂಟಿನೊಳಗೆ ಇನ್ನೊಂದು ಷರತ್ತೂ ಇತ್ತು. ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆ ಎಂದು ಸಂಸ್ಥೆಗಳು ಬರೆದುಕೊಡಬೇಕು. ನಮ್ಮ ಗಡಿಯಾಚೆಗಿನ ಸಾಂಗ್ಲಿಯಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುವ ಸಂಗ್ರಾಮ್ ಸಂಸ್ಥೆ, 2005ರಲ್ಲಿ, ಈ ಷರತ್ತಿಗೆ ರುಜು ಹಾಕಲೊಲ್ಲೆವೆಂದು ಅಮೆರಿಕದ ಹಣವನ್ನೇ ಬೇಡವೆಂದಿತು. ಅದಕ್ಕೆ ದೇವರ ಬೆಂಬಲ ಇರಲಿಲ್ಲ, ಹಾಗಾಗಿ ಧೈರ್ಯ ಬೇಕಾಯಿತು. ನಮ್ಮ ಸಂಸ್ಥೆಯಲ್ಲಿ ದೇವರಿದ್ದಾನೆ, ರುಜು ಹಾಕಲು ಪೆನ್ನೂ ಇದೆ. ಹೊರಗಿನ ಬೆಂಚಿನ ಮೇಲೆ ಮಾತ್ರೆಗೆ ಕಾದು ಕೂತಿದ್ದವರಲ್ಲಿ ಮಾಜಿ ದೇವದಾಸಿಯರೇ ಬಹಳ ಮಂದಿ. ಒಂದು ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ಇನ್ನೊಂದು ದೇವರ ಹೆಸರಿನಲ್ಲಿ ಪಾಪಿಗಳೆನಿಸಿಕೊಂಡರು. ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ತನ್ನ ದೇಶದ ಸಂಸ್ಥೆಗಳ ಮೇಲೆ ಈ ಷರತ್ತು ಹೇರುವಂತಿಲ್ಲ ಎಂದಿತು. 2020ರಲ್ಲಿ, ಹೊರದೇಶದವರ ಮೇಲೆ ಹೇರಬಹುದು ಎಂದಿತು. ವಾಕ್ ಸ್ವಾತಂತ್ರ್ಯಕ್ಕೂ ವೀಸಾ ಬೇಕಾಗುತ್ತದೆ.

ಬುಷ್ ಗಂಟಿನ ಕಾಲದಲ್ಲೇ ಬಂದದ್ದು ಗೇಟ್ಸ್ ಪ್ರತಿಷ್ಠಾನದ ಏಡ್ಸ್ ತಡೆ ಯೋಜನೆ ಆವಾಹನ್‌ನ ಯುಗ. ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಕಿನ್ಸಿ ಕಂಪನಿಯಿಂದ ಬಂದ ಅಶೋಕ್ ಅಲೆಕ್ಸಾಂಡರ್ ಅದರ ಮುಖ್ಯಸ್ಥರಾದರು, ಮತ್ತು ಅವರ ತಂಡ ಮಾಡಿದ ಕೆಲಸ ಸಣ್ಣದಲ್ಲ. ಆದರೆ ಅಲ್ಲಿಂದ ಮುಂದೆ ಸೇವಾಕ್ಷೇತ್ರದಲ್ಲಿ ಒಂದು ಹೊಸ ಧರ್ಮ ಹುಟ್ಟಿತು, ಅದರ ಗ್ರಂಥದ ಹೆಸರು ಎಕ್ಸೆಲ್ ಶೀಟ್. ಆವಾಹನ್ ತನ್ನ ಕೆಲಸವನ್ನು ಸರ್ಕಾರಕ್ಕೆ ಒಪ್ಪಿಸಿ ಹೊರಟುಹೋದ ಮೇಲೂ ಶೀಟ್ ಹೋಗಲಿಲ್ಲ.

ಕಾಂಡೋಮಿನ ವಿಷಯ ಹೇಳದಿದ್ದರೆ ಈ ಪುರಾಣ ಪೂರ್ತಿಯಾಗದು. ಪೋಪ್ ಹದಿನಾರನೇ ಬೆನೆಡಿಕ್ಟ್ 2009ರಲ್ಲಿ ಆಫ್ರಿಕಾಕ್ಕೆ ಹೋಗುವ ವಿಮಾನದಲ್ಲಿ, ಕಾಂಡೋಮ್ ಹಂಚಿಕೆಯಿಂದ ಸಮಸ್ಯೆ ಹೆಚ್ಚುತ್ತದೆ ಎಂಬರ್ಥದ ಮಾತಾಡಿದರು. ಮರುವರ್ಷ ಪುಸ್ತಕವೊಂದರಲ್ಲಿ, ಕೆಲವು ಸಂದರ್ಭಗಳಲ್ಲಿ ಅದು ಹೊಣೆಗಾರಿಕೆಯ ಮೊದಲ ಹೆಜ್ಜೆಯಾಗಬಹುದು ಎಂಬರ್ಥದ ಇನ್ನೊಂದು ಮಾತಾಡಿದರು. ನಮ್ಮ ಸಂಸ್ಥೆ ಎರಡಕ್ಕೂ ವಿಧೇಯ. ಡಬ್ಬ ಆಪ್ತ ಸಮಾಲೋಚಕಿಯ ಮೇಜಿನ ಕೆಳಗಿನ ಡ್ರಾಯರಿನಲ್ಲಿರುತ್ತದೆ, ಡ್ರಾಯರಿಗೆ ಬೀಗವಿರುವುದಿಲ್ಲ, ಅವಳು ಆಗಾಗ ನೀರು ಕುಡಿಯಲು ಎದ್ದು ಹೋಗುತ್ತಾಳೆ. ಅಷ್ಟರಲ್ಲಿ ಯಾರಾದರೂ ತೆಗೆದುಕೊಂಡರೆ ಸಂಸ್ಥೆ ಹಂಚಿದ ಹಾಗಾಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಸಮಾಲೋಚಕಿಗೆ ಮಾತ್ರ ವಿಪರೀತ ಬಾಯಾರಿಕೆ.

ಈಗಿನ ಪುನರ್ರಚನೆಗೆ ಬರೋಣ. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ ತಿದ್ದುಪಡಿಯಾಯಿತು. ಹಣವೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಗೇ ಬಂದಿಳಿಯಬೇಕು, ದೊಡ್ಡ ಸಂಸ್ಥೆ ಚಿಕ್ಕ ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚು ಶೇ 50ರಿಂದ ಶೇ 20ಕ್ಕೆ ಇಳಿಯಬೇಕು. ಕೊನೆಯ ನಿಯಮಕ್ಕೆ ನಮ್ಮ ಸಂಸ್ಥೆ ಒಂದೇ ರಾತ್ರಿಯಲ್ಲಿ ಪರಿಹಾರ ಕಂಡುಕೊಂಡಿತು. ಅಕೌಂಟೆಂಟ್ ಬೆಳಗಾಗುವಷ್ಟರಲ್ಲಿ ಪ್ರೋಗ್ರಾಮ್ ಕ್ವಾಲಿಟಿ ಆಫೀಸರ್ ಆದ. ಮ್ಯಾನೇಜರ್ ಫೀಲ್ಡ್ ಕೋಆರ್ಡಿನೇಟರ್ ಆದರು, ಅವರ ಎ.ಸಿ. ಕೋಣೆಯೇ ಫೀಲ್ಡ್. ದಿನಕ್ಕೆ ನಾಲ್ಕು ಹಳ್ಳಿ ಸುತ್ತಿ ಮಾತ್ರೆ ತಪ್ಪಿಸಿದವರ ಮನೆ ಹುಡುಕುವ ಕಾರ್ಯಕರ್ತೆ ಕಾರ್ಯಕರ್ತೆಯಾಗಿಯೇ ಉಳಿದಳು. ಅವಳ ಪೆಟ್ರೋಲ್ ಭತ್ಯೆ ಆಡಳಿತದ ಖರ್ಚಿಗೆ ಸೇರಿತು.

ಬೆಂಗಳೂರಿನಿಂದ ಕನ್ಸಲ್ಟೆಂಟ್ ಬಂದರು. ಊರಿನ ಬರಹಗಾರ ಎಂಬ ನೆಪದಲ್ಲಿ, ಎರಡು ದಿನದ ಆ ಕಾರ್ಯಾಗಾರಕ್ಕೆ ನನ್ನನ್ನೂ ಕರೆದಿದ್ದರು. ಪ್ರಾರ್ಥನೆಯಿಂದ ಶುರು, ಬಫೆ ಊಟದಿಂದ ಮುಕ್ತಾಯ. ನಡುವೆ ಗೋಡೆಯ ತುಂಬ ಹಳದಿ, ಗುಲಾಬಿ, ಹಸಿರು ಚೀಟಿಗಳು. ಫ್ಯಾನ್ ಹಾಕಿದರೆ ದೌರ್ಬಲ್ಯಗಳೆಲ್ಲ ಹಾರಿಹೋಗಿ ಸಾಮರ್ಥ್ಯದ ಕಾಲಮ್ಮಿಗೆ ಅಂಟಿಕೊಳ್ಳುತ್ತಿದ್ದವು, ಅವನ್ನು ಯಾರೂ ವಾಪಸ್ ತೆಗೆದು ಹಚ್ಚಲಿಲ್ಲ. ಕನ್ಸಲ್ಟೆಂಟ್ ಹಿರಿಯ ಸಿಸ್ಟರನ್ನು ಕೇಳಿದರು:

"ಸಿಸ್ಟರ್, ಕಳೆದ ತಿಂಗಳ ನಿಮ್ಮ ಔಟ್‌ಪುಟ್ ಏನು?"

"ಒಬ್ಬ ಹೆಣ್ಣುಮಗಳ ಹತ್ತಿರ ಕೂತಿದ್ದೆ ಸರ್. ಮಗ ಬಂದು ಮನೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಮಾತ್ರೆ ಬಿಟ್ಟುಬಿಡ್ತೀನಿ ಅಂತಿದ್ದಳು."

"ಎಷ್ಟು ಸೆಷನ್?"

"ಸೆಷನ್ ಅಲ್ಲ ಸರ್, ಕೂತಿದ್ದೆ."

ಕನ್ಸಲ್ಟೆಂಟ್ ಒಂದು ಗುಲಾಬಿ ಚೀಟಿಯಲ್ಲಿ ಏನೋ ಬರೆದು, ಅಂಟಿಸುವ ಜಾಗ ಹುಡುಕಿ, ಸಿಗದೆ, ಮಡಚಿ ಜೇಬಿಗೆ ಹಾಕಿಕೊಂಡರು.

ಆದರೆ ಸಿಸ್ಟರ್‌ಗಳಿಗೆ ಬಜೆಟ್ಟಿನಲ್ಲಿ ಜಾಗ ಇಲ್ಲವೆಂದಲ್ಲ. ಅವರು ಸಂಬಳ ತೆಗೆದುಕೊಳ್ಳುವುದಿಲ್ಲವಲ್ಲ, ಆ ತೆಗೆದುಕೊಳ್ಳದ ಸಂಬಳಕ್ಕೆ ಬೆಲೆ ಕಟ್ಟಿ, ಸಂಸ್ಥೆಯ ಸ್ವಂತ ವಂತಿಗೆ ಎಂದು ದಾನಿಗಳಿಗೆ ತೋರಿಸುತ್ತಾರೆ. ತ್ಯಾಗಕ್ಕೆ ಮಾರುಕಟ್ಟೆ ದರ ಕಟ್ಟಲು ಬರುವುದಿಲ್ಲ ಎಂದು ಯಾರಂದರು? ದರ ಪ್ರತಿವರ್ಷ ಶೇ 10ರಂತೆ ಏರುತ್ತದೆ, ಸಿಸ್ಟರ್‌ಗಳ ಚಪ್ಪಲಿ ಮಾತ್ರ ಅದೇ.

ದೇವರ ಸಮಸ್ಯೆ ಇದಕ್ಕಿಂತ ಜಟಿಲ. ಸಿಎಸ್‌ಆರ್ ಎಂಬ ಸಾಮಾಜಿಕ ಹೊಣೆಯ ಹಣ ಕೊಡುವ ಕಂಪನಿಯವರಿಗೆ ಧರ್ಮ ಜಾಸ್ತಿ ಕಾಣಬಾರದು, ಹಳೆಯ ಜರ್ಮನ್ ಪ್ಯಾರಿಷ್ಷಿನ ದಾನಿಗಳಿಗೆ ಧರ್ಮ ಕಡಿಮೆ ಕಾಣಬಾರದು. ಅದಕ್ಕೆ ಎರಡು ಬ್ರೋಷರ್. ಒಂದರಲ್ಲಿ ಅದೇ ಕೋಣೆ ಪ್ರಾರ್ಥನಾಲಯ, ಇನ್ನೊಂದರಲ್ಲಿ ವೆಲ್‌ನೆಸ್ ಸೆಂಟರ್. ಫೋಟೊ ತೆಗೆಯುವ ದಿನ ಶಿಲುಬೆಯ ಮುಂದೆ ಮನಿ ಪ್ಲಾಂಟ್ ಕುಂಡ ಇಡುತ್ತಾರೆ. ಕುಂಡ ಹೊತ್ತು ಇಡುವವನೂ ತೆಗೆಯುವವನೂ ವಾಚ್‌ಮನ್. ಸಂಸ್ಥೆಯ ಧರ್ಮನಿರಪೇಕ್ಷತೆಯ ಪೂರ್ತಿ ಭಾರ ಅವನ ಸೊಂಟದ ಮೇಲೆ.

ಸಿಎಸ್‌ಆರ್ ಎಂದಾಗ ನೆನಪಾಯಿತು. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ, ಅಂದರೆ ಆ ಹಣ ಯಾವ ಕೆಲಸಗಳಿಗೆ ಹೋಗಬಹುದೆಂಬ ಪಟ್ಟಿಯಲ್ಲಿ, ಎಚ್‌ಐವಿ, ಏಡ್ಸ್ ವಿರುದ್ಧದ ಹೋರಾಟ ಎಂದು ಹೆಸರು ಹಿಡಿದು ಬರೆದಿದ್ದರು. ಮರುವರ್ಷ ಆ ಪಟ್ಟಿಯನ್ನು ತಿದ್ದಿದಾಗ ಆ ಹೆಸರು ಮಾಯವಾಗಿ, ಮುಂಜಾಗ್ರತಾ ಆರೋಗ್ಯ ಎಂಬ ವಿಶಾಲ ಛತ್ರಿಯೊಳಗೆ ಸೇರಿತು. ನಮ್ಮ ಸಂಸ್ಥೆಗೆ ಸೂಚನೆ ಸಾಕಾಯಿತು. ಬೋರ್ಡಿನಿಂದ ಏಡ್ಸ್ ಹೋಯಿತು, ಲೋಗೋದಲ್ಲಿದ್ದ ಕೆಂಪು ರಿಬ್ಬನ್ ಹೋಗಿ ಹಸಿರು ಎಲೆ ಬಂತು. ಈಗ ಅದು ಮಾನಸಿಕ ಆರೋಗ್ಯ, ಹವಾಮಾನ ಬದಲಾವಣೆ, ಯುವಜನರ ಕೌಶಲ, ಸಿರಿಧಾನ್ಯ ಎಲ್ಲದರಲ್ಲೂ ಪರಿಣತ. ಗಂಡಸರ ವಾರ್ಡು ಸಿರಿಧಾನ್ಯದ ಬಿಸ್ಕತ್ ಘಟಕವಾಗಿದೆ. ಬಿಸ್ಕತ್ ಚೆನ್ನಾಗಿದೆ, ನಾನು ತಿಂದಿದ್ದೇನೆ.

ಹಾಗೆಂದು ಕೆಂಪು ರಿಬ್ಬನ್ ಪೂರ್ತಿ ಹೋಗಿಲ್ಲ, ಜೀಪಿನ ಬಾಗಿಲ ಮೇಲೆ ಉಳಿದಿದೆ. ಹೊಸದಾಗಿ ಪೇಂಟ್ ಮಾಡಿಸಲು ಹಣ ಮಂಜೂರಾಗಿಲ್ಲ. ಆ ಜೀಪು ಹಳ್ಳಿಯಲ್ಲಿ ಯಾರ ಮನೆ ಮುಂದೆ ನಿಂತರೂ ಸಂಜೆಯೊಳಗೆ ಹಾಲಿನ ಡೇರಿಯವರು ಆ ಮನೆಯ ಹಾಲನ್ನು ಬೇರೆ ಕ್ಯಾನಿಗೆ ಹಾಕಿಸುತ್ತಾರೆ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಸಂಸ್ಥೆ ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ವರದಿಯ ಫೋಟೊಗಳಲ್ಲಿ ಎಲ್ಲರ ಮುಖಕ್ಕೂ ಮಸುಕು ಹಾಕಿಸುತ್ತದೆ, ಒಮ್ಮೆ ಮುಖ್ಯ ಅತಿಥಿಯ ಮುಖಕ್ಕೂ ಹಾಕಿಸಿಬಿಟ್ಟಿತ್ತು. ಜೀಪಿಗೆ ಮಸುಕು ಹಾಕಲು ಸಾಫ್ಟ್‌ವೇರ್ ಬಂದಿಲ್ಲ.

ಕಳೆದ ಜನವರಿಗಳಲ್ಲಿ ಅತಿ ಫಲಪ್ರದವಾದದ್ದು 2025ರದು. ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ, 20ನೇ ತಾರೀಖು, ವಿದೇಶಿ ನೆರವಿಗೆ 90 ದಿನ ತಡೆ ಹಾಕಿದರು. ಜುಲೈ 1ರ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯೇ ಬಾಗಿಲು ಹಾಕಿತು. ಆಫ್ರಿಕಾದ ಕ್ಲಿನಿಕ್ಕುಗಳ ಮುಂದೆ ಜನ ಮಾತ್ರೆಗೆ ಅಲೆದರು, ಅದರಲ್ಲಿ ನಗುವಂಥದೇನೂ ಇಲ್ಲ. ನಗು ಬರುವುದು ನಮ್ಮ ಸಂಸ್ಥೆಯ ವಿಷಯಕ್ಕೆ. ಅದಕ್ಕೆ ಹಲವು ವರ್ಷಗಳಿಂದ ಅಮೆರಿಕದಿಂದ ಚಿಕ್ಕಾಸೂ ಬರುತ್ತಿರಲಿಲ್ಲ. ಆದರೂ ಜಾಗತಿಕ ಪರಿಸ್ಥಿತಿಯನ್ನು ಉಲ್ಲೇಖಿಸಿ ಮೂವರು ಕಾರ್ಯಕರ್ತೆಯರನ್ನು ಮನೆಗೆ ಕಳಿಸಿತು. ಮೂವರೂ ಸ್ವತಃ ಸೋಂಕಿತರು. ಪತ್ರದ ಕೊನೆಯಲ್ಲಿ, ದೇವರು ನಿಮಗೆ ಬೇರೊಂದು ಬಾಗಿಲು ತೆರೆಯಲಿ ಎಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಲೆಟರ್‌ಹೆಡ್ಡಿನ ಮೇಲೆ ಟೈಪು ಮಾಡಿದ್ದು ಇದೇ ಮೊದಲಿರಬೇಕು.

ಅತ್ತ ಫೀಲ್ಡಿನಲ್ಲಿ ಕೆಲಸ ಮುಗಿದಿದೆಯೇ ಅಂದರೆ, ಅದರ ಸ್ವರೂಪ ಬದಲಾಗಿದೆ ಅಷ್ಟೆ. ಹುಟ್ಟಿನಿಂದಲೇ ಸೋಂಕಿದ್ದ ಮಕ್ಕಳು ಇಪ್ಪತ್ತು ದಾಟಿದ್ದಾರೆ. ಹುಡುಗಿಗೆ ಗಂಡು ಬೇಕು, ಹುಡುಗನಿಗೆ ಹಾಸ್ಟೆಲಿನಲ್ಲಿ ಮಾತ್ರೆ ಬಚ್ಚಿಡಲು ಒಂದು ಜಾಗ ಬೇಕು. ಗಂಡ ಸತ್ತವಳಿಗೆ ಮೈದುನರು ಹೊಲ ಬಿಡುತ್ತಿಲ್ಲ. ಅರವತ್ತಾದವರಿಗೆ ಬಿಪಿ ಮಾತ್ರೆ ಯಾವುದು, ಆ ಮಾತ್ರೆ ಯಾವುದು ಎಂದು ಬಿಡಿಸಿ ಹೇಳುವವರು ಬೇಕು. ಇವಕ್ಕೆಲ್ಲ ಹಾಸಿಗೆ ಬೇಕಿಲ್ಲ, ಲೋಗೋ ಬೇಕಿಲ್ಲ, ಸಿಸ್ಟರ್ ಮಾಡಿದ ಹಾಗೆ ಹತ್ತಿರ ಕೂರುವವರು ಬೇಕು. ಅದಕ್ಕೆ ಅನುದಾನದ ಹೆಡ್ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಸೆಂಟರಿಗೆ ಹೋಗುವ ಚಾರ್ಜು ಉಳಿಯಿತು ಎಂದು ಬೆಂಚಿನ ಮೇಲಿನ ಹೆಂಗಸರು ಹೇಳುತ್ತಾರೆ. ಅವರು ತಪ್ಪದೆ ಮಾತ್ರೆಗೆ ಹೋಗುವುದು ಸಂಸ್ಥೆಯ ವರದಿಯಲ್ಲಿ ಪುನರ್ರಚನೆಯ ಮೊದಲ ಫಲ ಎಂದು ದಾಖಲಾಗಿದೆ. ಕಂಡಕ್ಟರಿಗೂ ಒಂದು ಪ್ರಶಸ್ತಿ ಕೊಡಬಹುದಿತ್ತು.

ಕಾರ್ಯಾಗಾರದ ಎರಡನೇ ದಿನ ಸಂಸ್ಥೆಯ ಹೊಸ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರು. ಮೇಲೆ ಟ್ರಸ್ಟ್, ಅದರ ಕೆಳಗೆ ಸಿಇಒ, ಆಮೇಲೆ ನಾಲ್ಕು ಡೈರೆಕ್ಟರುಗಳು, ಅವರಿಂದ ಇಳಿಯುವ ಗೆರೆಗಳು, ಚುಕ್ಕೆ ಗೆರೆಗಳು. ಎಲ್ಲಕ್ಕೂ ಕೆಳಗೆ, ಪರದೆಯಿಂದ ಅರ್ಧ ಹೊರಗೆ ಜಾರಿದ್ದ ಒಂದು ಚೌಕದಲ್ಲಿ, ಫಲಾನುಭವಿಗಳು. ಕೆಲಸ ಕಳೆದುಕೊಂಡ ಮೂವರಲ್ಲಿ ಒಬ್ಬಾಕೆಯನ್ನು ಅನುಭವ ಹೇಳಲೆಂದು ಕರೆಸಿದ್ದರು. ಆಕೆ ಎದ್ದು ನಿಂತು, "ಸರ, ಆ ಮ್ಯಾಲಿನ ಡಬ್ಬ್ಯಾಗ ನಮ್ಮಂಥವರು ಎಷ್ಟ ಮಂದಿ ಅದೀವ್ರೀ?" ಎಂದು ಕೇಳಿದಳು. ಫಾದರ್ ಡೈರೆಕ್ಟರ್ ಸಿಇಒ ಕಡೆ ನೋಡಿದರು, ಸಿಇಒ ಕನ್ಸಲ್ಟೆಂಟ್ ಕಡೆ ನೋಡಿದರು, ಕನ್ಸಲ್ಟೆಂಟ್ ಗಡಿಯಾರ ನೋಡಿ ಚಹಾಕ್ಕೆ ಬಿಟ್ಟರು. ಈ ರೋಗದ ಬಗ್ಗೆ ತೀರ್ಮಾನ ಮಾಡುವಲ್ಲೆಲ್ಲ ಈ ರೋಗದವರೂ ಇರಬೇಕೆಂದು 1994ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಲ್ಲಿ 42 ದೇಶಗಳು ರುಜು ಹಾಕಿವೆ, ಭಾರತವೂ ಅದರಲ್ಲಿದೆ. ನಮ್ಮ ಸಂಸ್ಥೆ ಆ ಮಾತನ್ನು ಚೌಕಟ್ಟು ಕಟ್ಟಿಸಿ ಸ್ವಾಗತ ಕೋಣೆಯಲ್ಲಿ ನೇತು ಹಾಕಿದೆ.

ಚಹಾ ಆದ ಮೇಲೆ ನಿರ್ಣಯಗಳು ಸರಸರನೆ ಪಾಸಾದವು. ಲೋಗೋ, ಹುದ್ದೆಗಳ ಹೆಸರು, ಬಿಸ್ಕತ್ತಿನ ಬ್ರಾಂಡು, ಕನ್ಸಲ್ಟೆಂಟಿಗೆ ಎರಡನೇ ಹಂತದ ಕರಾರು, ಎಲ್ಲಕ್ಕೂ ಸರ್ವಾನುಮತ. ಆಕೆಯ ಪ್ರಶ್ನೆಯನ್ನು ಮುಂದಿನ ಸಭೆಗೆ ಕಾದಿರಿಸಿದ್ದಾರೆ, ಮುಂದಿನ ಸಭೆಯ ತಾರೀಖು ಕಾದಿರಿಸಿಲ್ಲ.

ಡಿಸೆಂಬರ್ ಒಂದರ ಆಸುಪಾಸಿನಲ್ಲಿ ನಿಮ್ಮ ಮನೆಗೂ ಯಾರಾದರೂ ರಸೀದಿ ಪುಸ್ತಕ ಹಿಡಿದುಕೊಂಡು ಬರುತ್ತಾರೆ. ಒಳಗೆ ಕರೆದು ಕೂರಿಸಿ, ಚಹಾ ಕೊಡಿ, ಆಕೆ ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿ: ನಿಮ್ಮ ಟ್ರಸ್ಟಿನಲ್ಲಿ ವೋಟು ಹಾಕುವ ಸೋಂಕಿತರು ಎಷ್ಟು ಮಂದಿ? ಒಂದು ಸಂಖ್ಯೆ ಹೇಳಿದರೆ ಹಣ ಕೊಟ್ಟು ರಸೀದಿ ಹರಿಸಿಕೊಳ್ಳಿ. ಬ್ರೋಷರ್ ತೆಗೆದರೆ ಚಹಾದಲ್ಲೇ ಮುಗಿಸಿ ಕಳಿಸಿ.